ಸಣ್ಣ ನಾಯಿಗೆ ಏದುಸಿರು, ಎದೆಯಲ್ಲಿ ಗೊರಗೊರ: ಕೊಡಗಿನ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಆಷಾಢದ ಒಂದು ರಾತ್ರಿ. ಒಲೆಯ ಪಕ್ಕ ಗೋಣಿಯ ಮೇಲೆ ಮಲಗಿದ್ದ ನಮ್ಮ ಪಾಮರೇನಿಯನ್ ಚಿಕ್ಕಿ ಎದ್ದು ಕೂತಳು. ಮತ್ತೆ ಮಲಗಲು ಹೋದಳು, ಆಗಲಿಲ್ಲ, ಮತ್ತೆ ಎದ್ದಳು. ಮುಂಗಾಲು ಅಗಲಿಸಿ, ಕತ್ತು ಮುಂದಕ್ಕೆ ಚಾಚಿ, ಗೋಡೆ ನೋಡುತ್ತಾ ಕೂತೇ ಇದ್ದಳು. ಪಕ್ಕೆಗೆ ಕಿವಿ ಇಟ್ಟರೆ ಒಳಗೆ ಅನ್ನ ಕುದಿಯುವಂಥ ಸದ್ದು. ಹೊರಗೆ ಜಡಿಮಳೆ, ಕರೆಂಟು ಹೋಗಿ ಎರಡು ದಿನ, ಸೋಮವಾರಪೇಟೆಗೆ ಹೋಗುವ ದಾರಿಗೆ ಅಡ್ಡಲಾಗಿ ಮರ ಬಿದ್ದಿತ್ತು. ಬೆಳಗಿನ ಜಾವ ಮರ ಕಡಿದು ದಾರಿ ಬಿಡಿಸಿದ ಮೇಲೆ ಅವಳನ್ನು ಕರೆದುಕೊಂಡು ಹೋಗಿ ಉಳಿಸಿಕೊಂಡೆವು. ನ್ಯುಮೋನಿಯಾ ಆಗಿತ್ತು. ಆ ದಿನ ಮಧ್ಯಾಹ್ನವೇ ಅವಳು ಊಟ ಬಿಟ್ಟಿದ್ದಳು. ಆಗಲೇ ಹೊರಟಿದ್ದರೆ ಆ ರಾತ್ರಿಯ ಸಂಕಟ ಅವಳಿಗೂ ಇರುತ್ತಿರಲಿಲ್ಲ, ನಮಗೂ ಇರುತ್ತಿರಲಿಲ್ಲ.

ಐದು ಕಿಲೋ ತೂಗುವ ನಾಯಿಯ ಉಸಿರು ಕೆಟ್ಟರೆ ಕಾಯುವುದಕ್ಕೆ ಹೆಚ್ಚು ಸಮಯ ಸಿಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಆ ಸಮಯದಲ್ಲಿ ಅರ್ಧ ರಸ್ತೆಗೇ ಹೋಗುತ್ತದೆ. ಅದಕ್ಕೇ ಇಲ್ಲಿ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಲಕ್ಷಣಗಳನ್ನೇ ಹಿಡಿದು ಬರೆದಿದ್ದೇನೆ. ದುಡ್ಡು ಬೇಡದ ಪರೀಕ್ಷೆಗಳು ಮೊದಲು, ವೈದ್ಯರಿಂದ ಮಾತ್ರ ಆಗುವಂಥವು ಆಮೇಲೆ.

ಔಷಧಿಗೂ ಮುಂಚೆ: ಉಸಿರು ಎಣಿಸಿ

ನಾಯಿ ಗಾಢ ನಿದ್ದೆಯಲ್ಲಿದ್ದಾಗ ಪಕ್ಕದಲ್ಲಿ ಕೂತು ಎದೆ ನೋಡಿ. ಏರಿ ಇಳಿದರೆ ಒಂದು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಆರೋಗ್ಯವಾಗಿರುವ ನಾಯಿ ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಸಲ ಉಸಿರಾಡುತ್ತದೆ. ಕನಸು ಕಾಣುತ್ತಾ ಕಾಲು ಅದುರಿಸುತ್ತಿದ್ದರೆ ಆ ಲೆಕ್ಕ ಬಿಟ್ಟು, ಸ್ವಲ್ಪ ಹೊತ್ತು ಕಳೆದು ಇನ್ನೊಮ್ಮೆ ಎಣಿಸಿ. ಎರಡು ಮೂರು ಸಲ ಎಣಿಸಿದರೂ 30 ದಾಟುತ್ತಿದ್ದರೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ. ಸುಮ್ಮನೆ ಮಲಗಿದ್ದಾಗಲೂ 40 ದಾಟುತ್ತಿದ್ದರೆ ಕಾಯಬೇಡಿ. ಬಿಸಿಲಿನಲ್ಲಿ ಓಡಿ ಬಂದು ನಾಲಗೆ ಚಾಚಿ ತೇಕುವಾಗಿನ ಎಣಿಕೆಗೆ ಅರ್ಥವಿಲ್ಲ. ಹುತ್ತರಿ ಹಬ್ಬದಲ್ಲಿ ಕೋವಿ, ಪಟಾಕಿ ಸದ್ದಿಗೆ ಹೆದರಿ ಮಂಚದಡಿ ಸೇರಿದ ನಾಯಿ ತೇಕುವುದೂ ಹಾಗೆಯೇ, ಸದ್ದು ನಿಂತು ಮನಸ್ಸು ತಿಳಿಯಾದ ಮೇಲೆ ಎಣಿಸಿ.

ಕೆಮ್ಮಿನ ಸದ್ದು ಕೇಳಿ ನಾವು ಗಾಬರಿಯಾಗುತ್ತೇವೆ, ಸದ್ದಿಲ್ಲದಿದ್ದರೆ ಸಮಾಧಾನ ಪಡುತ್ತೇವೆ. ನನ್ನ ಅನುಭವದಲ್ಲಿ ಎರಡೂ ತಪ್ಪು. ಭಯಂಕರ ಸದ್ದು ಮಾಡುವ ಎಷ್ಟೋ ತೊಂದರೆ ನಿರಪಾಯ. ಸದ್ದೇ ಇಲ್ಲದೆ ನಿಮಿಷಕ್ಕೆ 50 ಸಲ ಉಸಿರಾಡುವ ನಾಯಿ ಅಪಾಯದಲ್ಲಿರುತ್ತದೆ. ನಾಯಿ ಚೆನ್ನಾಗಿದ್ದಾಗಲೇ ನಾಲ್ಕು ದಿನ ಎಣಿಸಿ ಕ್ಯಾಲೆಂಡರಿನ ಮೇಲೆ ಬರೆದಿಡಿ. ಚಿಕ್ಕಿಯ ಲೆಕ್ಕ 20ರ ಆಸುಪಾಸು. ಅದು 28 ಆದ ದಿನವೇ ಈಗ ನನಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಆಮೇಲೆ ತುಟಿ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಒಸಡು ಹುಟ್ಟಿನಿಂದಲೇ ಕಪ್ಪಾಗಿದ್ದರೆ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಬದಿ ನೋಡಿ. ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಎಲ್ಲ ಒಸಡೂ ಸ್ವಲ್ಪ ನೀಲಿಯಾಗಿಯೇ ಕಾಣುತ್ತದೆ. ಕಿಟಕಿಯ ಬೆಳಕಿಗೆ ತನ್ನಿ, ಇಲ್ಲವಾದರೆ ಮನೆಯ ಇನ್ನೊಂದು ನಾಯಿಯ ಒಸಡಿನ ಜೊತೆ ಹೋಲಿಸಿ.

ಕೊನೆಗೆ ಜ್ವರ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ತೆಂಗಿನೆಣ್ಣೆ ಸವರಿ ಗುದದ್ವಾರದಲ್ಲಿ ಮೆಲ್ಲಗೆ ಇಟ್ಟು ನೋಡಬೇಕು. ಮೂಗು ಒಣಗಿದೆಯೋ ಒದ್ದೆಯಾಗಿದೆಯೋ ಎಂಬುದರಿಂದ ಜ್ವರ ತಿಳಿಯುವುದಿಲ್ಲ. ನಾಯಿಯ ಮೈಬಿಸಿ ನಮಗಿಂತ ಹೆಚ್ಚು, 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿದರೆ ಜ್ವರ, 104 ದಾಟಿದರೆ ತುರ್ತು. ಆದರೆ ಉಸಿರಿಗೇ ಒದ್ದಾಡುತ್ತಿರುವ ನಾಯಿಗೆ ಥರ್ಮಾಮೀಟರ್ ಹಾಕಲು ಹೋಗಬೇಡಿ. ಹಿಡಿದು ಅದುಮಿದಷ್ಟೂ ಅದಕ್ಕೆ ಗಾಳಿ ಸಾಲದು.

ಇವುಗಳಲ್ಲಿ ಒಂದು ಕಂಡರೂ ಓದುವುದು ನಿಲ್ಲಿಸಿ ಹೊರಡಿ

- ಒಸಡು, ನಾಲಗೆ ನೀಲಿ, ಬೂದು ಅಥವಾ ಸುಣ್ಣದಂತೆ ಬಿಳಿ
- ಮಲಗಲು ಆಗದೆ ಕತ್ತು ಚಾಚಿ, ಮೊಣಕೈ ಹೊರಕ್ಕೆ ಮಾಡಿ ಕೂತೇ ಇರುವುದು
- ಪ್ರತಿ ಉಸಿರಿಗೂ ಹೊಟ್ಟೆ ತಿದಿ ಒತ್ತಿದಂತೆ ಒಳಹೊರಗೆ ಆಡುವುದು
- ಮೂಗು, ಬಾಯಿಂದ ನೊರೆ ಅಥವಾ ರಕ್ತ ಬೆರೆತ ನೀರು
- ಕುಸಿದು ಬೀಳುವುದು, ಕರೆದರೆ ಓಗೊಡದಿರುವುದು

ನಾಯಿಯನ್ನು ಬೆನ್ನ ಮೇಲೆ ಅಂಗಾತ ಮಲಗಿಸಬೇಡಿ, ಎದೆಗೆ ಬಿಗಿಯಾಗಿ ಅಪ್ಪಿಕೊಳ್ಳಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ, ನೀರು ಕೂಡ. ತಾನಾಗಿ ಯಾವ ಭಂಗಿಯಲ್ಲಿ ಕೂತಿದೆಯೋ ಅದೇ ಭಂಗಿಯಲ್ಲಿ ಬುಟ್ಟಿಯಲ್ಲೋ ರಟ್ಟಿನ ಡಬ್ಬದಲ್ಲೋ ಇಟ್ಟು, ಕಾರಿನ ಕಿಟಕಿ ಸ್ವಲ್ಪ ತೆರೆದು ಕರೆದೊಯ್ಯಿರಿ.

ಮೂಗಿನಿಂದ ಒಳಕ್ಕೆ ಗೊರ್ ಗೊರ್ ಎಳೆಯುತ್ತದೆ, ಒಂದು ನಿಮಿಷಕ್ಕೆ ಏನೂ ಆಗದಂತೆ ಬಾಲ ಆಡಿಸುತ್ತದೆ

ಮೊದಲ ಸಲ ನೋಡಿದವರು ನಾಯಿ ಸತ್ತೇ ಹೋಯಿತು ಅಂದುಕೊಳ್ಳುತ್ತಾರೆ. ನಾಲ್ಕು ಕಾಲಲ್ಲಿ ಬಿಗಿದು ನಿಂತು, ಕತ್ತು ಚಾಚಿ, ಹಂದಿಯಂತೆ ಸದ್ದು ಮಾಡುತ್ತಾ ಗಾಳಿಯನ್ನು ಒಳಗೆ ಎಳೆಯುತ್ತದೆ. ಇದು ಹಿಮ್ಮುಖ ಸೀನು. ಗಂಟಲಿನ ಹಿಂಭಾಗಕ್ಕೆ ದೂಳೋ ಘಾಟೋ ತಾಗಿ ಬರುತ್ತದೆ. ಪಾಮರೇನಿಯನ್, ಪಗ್, ಶಿತ್ಸುಗಳಲ್ಲಿ ಹೆಚ್ಚು. ಗಂಟಲನ್ನು ಮೆಲ್ಲಗೆ ನೀವಿ, ಅಥವಾ ಮೂಗಿನ ಹೊಳ್ಳೆಗಳನ್ನು ಒಂದು ಕ್ಷಣ ಮುಚ್ಚಿ ಬಿಡಿ. ನಾಯಿ ಎಂಜಲು ನುಂಗುತ್ತದೆ, ಸೀನು ನಿಲ್ಲುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ, ವೈದ್ಯರ ಮುಂದೆ ಅದು ಎಂದೂ ಸೀನುವುದಿಲ್ಲ. ಆಗೊಮ್ಮೆ ಈಗೊಮ್ಮೆ ಬಂದರೆ ಚಿಂತೆಯಿಲ್ಲ. ದಿನಕ್ಕೆ ಹಲವು ಸಲ ಬರತೊಡಗಿದರೆ, ಮೂಗು ಸೋರಿದರೆ ಮುಂದಿನದನ್ನು ನೋಡಿ.

ಸೀನು, ಒಂದೇ ಹೊಳ್ಳೆಯಿಂದ ರಕ್ತ

ಕೊಡಗಿನ ಮಳೆಗಾಲದಲ್ಲಿ ಇದಕ್ಕೆ ನಾನು ಮೊದಲು ಹುಡುಕುವುದು ಜಿಗಣೆ. ತೊರೆಯ ನೀರು ಕುಡಿಯುವಾಗ, ಹುಲ್ಲು ಮೂಸುವಾಗ ಮೂಗಿನೊಳಗೆ ಸೇರಿ ಕಚ್ಚಿ ಕೂರುತ್ತದೆ. ನಾಯಿ ಮುಂಗಾಲಿನಿಂದ ಮೂಗು ಉಜ್ಜುತ್ತದೆ, ತಲೆ ಕೊಡವುತ್ತದೆ, ನೆಲದ ಮೇಲೆ ರಕ್ತದ ಹನಿ. ನಮ್ಮ ತೋಟದ ಕೆಲಸಗಾರರು ಇರುವ ಲೈನ್ ಮನೆಯ ನಾಯಿಯೊಂದಕ್ಕೆ ಹೀಗಾಗಿತ್ತು. ಬಿಸಿಲು ಬಂದ ಹೊತ್ತಲ್ಲಿ ಮೂಗು ಮೇಲೆತ್ತಿ ನೋಡಿದರೆ ಹೊಳ್ಳೆಯ ಅಂಚಿನಲ್ಲಿ ಕಪ್ಪು ಹನಿಯೊಂದು ಹೊರಬಂದು, ಗಾಳಿ ತಾಗಿದ ಕೂಡಲೇ ಒಳಗೆ ಸರಿಯಿತು.

ಕಾಲಿಗೆ ಹತ್ತಿದ ಜಿಗಣೆಗೆ ನಾವು ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚುತ್ತೇವಲ್ಲ, ಅದನ್ನು ನಾಯಿಯ ಮೂಗಿಗೆ ಹಾಕಲೇಬೇಡಿ. ಒಳಚರ್ಮ ಸುಡುತ್ತದೆ, ಆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರಾಟ ಸರಾಗವಾಗಿದ್ದರೆ, ಒಂದೆರಡು ಗಂಟೆ ನೀರು ಕೊಡದೆ ಇದ್ದು, ಆಮೇಲೆ ಬಟ್ಟಲಲ್ಲಿ ತಣ್ಣೀರು ಇಟ್ಟು ಮೂಗು ಹತ್ತಿರ ತರಲು ಬಿಡಿ. ನೀರಿನ ತಂಪಿಗೆ ಜಿಗಣೆ ಮೈ ಚಾಚುವುದುಂಟು. ಆಗ ಒಣ ಬಟ್ಟೆಯಲ್ಲಿ ಹಿಡಿದು, ಜಗ್ಗದೆ, ಬಿಗಿಯಾಗಿ ಹಿಡಿದುಕೊಂಡೇ ಇದ್ದರೆ ತಾನೇ ಬಿಡುತ್ತದೆ. ಎರಡು ಪ್ರಯತ್ನಕ್ಕೆ ಸಿಗದಿದ್ದರೆ ವೈದ್ಯರು ಚಿಮುಟದಲ್ಲಿ ತೆಗೆಯುತ್ತಾರೆ. ಜಿಗಣೆ ಕಾಣದೆ ರಕ್ತ ನಿಲ್ಲದಿದ್ದರೆ, ಎರಡೂ ಹೊಳ್ಳೆಯಿಂದ ಬಂದರೆ, ಉಣ್ಣೆ ಜ್ವರವೋ ಇಲಿ ಪಾಷಾಣವೋ ಇರಬಹುದು. ಅವುಗಳ ಮಾತು ಕೆಳಗಿದೆ.

ಒಣ ಕೆಮ್ಮು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಕ್ಯಾಕರಿಕೆ

ಇಲ್ಲಿ ದಾರಿ ಮೂರು ಕವಲಾಗುತ್ತದೆ.

ನಾಯಿ ಇದ್ದಕ್ಕಿದ್ದಂತೆ, ತಿನ್ನುತ್ತಿರುವಾಗಲೇ ಶುರುಮಾಡಿದರೆ ನಿಜಕ್ಕೂ ಮೂಳೆಯೋ ಹಲಸಿನ ಬೀಜವೋ ಸಿಕ್ಕಿರಬಹುದು. ಕೆಮ್ಮಲು ಆಗುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಹೊರಡದೆ ನೀಲಿಯಾಗುತ್ತಿದ್ದರೆ ತಲೆ ಕೆಳಗಾಗಿ ಹಿಡಿದು ಭುಜಗಳ ನಡುವೆ ಅಂಗೈಯಿಂದ ನಾಲ್ಕೈದು ಏಟು ಕೊಡಿ. ಬೀಳದಿದ್ದರೆ ಪಕ್ಕೆಲುಬು ಮುಗಿದ ಕೂಡಲೇ ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ಒಳಕ್ಕೆ, ಮೇಲಕ್ಕೆ ಜೋರಾಗಿ ಒತ್ತಿ. ಕಣ್ಣಿಗೆ ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ತೂರಿಸಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಬಾಯಿಗೆ ಕೈ ಹಾಕುವ ಮುಂಚೆ ಇನ್ನೊಂದು ಮಾತು. ಹುಚ್ಚುನಾಯಿ ರೋಗದಲ್ಲೂ ನಾಯಿಗೆ ನುಂಗಲಾಗುವುದಿಲ್ಲ, ಜೊಲ್ಲು ಸುರಿಯುತ್ತದೆ, ದನಿ ಒಡೆಯುತ್ತದೆ, ಗಂಟಲಲ್ಲಿ ಮೂಳೆ ಸಿಕ್ಕಿದಂತೆಯೇ ಕಾಣುತ್ತದೆ. ರೇಬೀಸ್ ಲಸಿಕೆ ಹಾಕಿಸದ ನಾಯಿ, ಗುಣ ಬದಲಾದ ನಾಯಿ, ಇತ್ತೀಚೆಗೆ ಬೇರೆ ಪ್ರಾಣಿ ಕಚ್ಚಿದ್ದ ನಾಯಿ ಆಗಿದ್ದರೆ ಬರಿಗೈ ಹಾಕಬೇಡಿ. ಜೊಲ್ಲು ಗಾಯಕ್ಕೆ ತಾಗಿದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರುಮಾಡಿ.

ಎರಡನೆಯದು ಕೆನಲ್ ಕಾಫ್, ನಾಯಿಯಿಂದ ನಾಯಿಗೆ ಹರಡುವ ಕೆಮ್ಮು. ಒರಟು ಒಣ ಕೆಮ್ಮು, ಕೊನೆಗೆ ಕ್ಯಾಕರಿಸಿ ಚೂರು ಬಿಳಿ ನೊರೆ. ನಾಯಿ ಊಟ ಮಾಡುತ್ತದೆ, ಆಡುತ್ತದೆ, ಜ್ವರ ಇರುವುದಿಲ್ಲ. ಕಳೆದ ಎರಡು ವಾರದಲ್ಲಿ ಬೇರೆ ನಾಯಿಗಳ ಜೊತೆ ಇತ್ತೇ ಎಂದು ನೆನಪು ಮಾಡಿಕೊಳ್ಳಿ. ಮದುವೆಗೆ ಹೋಗುವಾಗ ಯಾರ ಮನೆಯಲ್ಲೋ ಬಿಟ್ಟಿದ್ದರೆ ಸಾಕು. ಬೆಳೆದ ನಾಯಿಯಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ. ಉಳಿದ ನಾಯಿಗಳಿಂದ ದೂರ ಇಡಿ, ಬಟ್ಟಲು ಬೇರೆ ಮಾಡಿ. ಮರಿಗಳಲ್ಲಿ ಮಾತ್ರ ಇದೇ ಕೆಮ್ಮು ಬೇಗ ಎದೆಗೆ ಇಳಿಯುತ್ತದೆ, ಅದಕ್ಕೇ ಮರಿ ಕೆಮ್ಮಿದರೆ ನಾನು ಎರಡನೇ ದಿನಕ್ಕೆ ಕಾಯುವುದಿಲ್ಲ. ಮರಿಯ ಕಣ್ಣು, ಮೂಗಿನಿಂದ ಹಳದಿ ಗೀಜು, ಜ್ವರ, ಭೇದಿ, ಆಮೇಲೆ ದವಡೆ ಅಥವಾ ಕಾಲು ಪಟಪಟ ಅದುರುವುದು ಕಂಡರೆ ಡಿಸ್ಟೆಂಪರ್ ಎಂಬ ವೈರಸ್ ರೋಗವನ್ನು ಅನುಮಾನಿಸಬೇಕು. ಆರೆಂಟು ವಾರಕ್ಕೆ ಶುರುವಾಗಿ 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸುವ ಲಸಿಕೆ ಅದನ್ನು ತಡೆಯುತ್ತದೆ. ಒಂದು ಡೋಸ್ ಹಾಕಿಸಿ ಮರೆತ ಮರಿಗಳೇ ಹೆಚ್ಚಾಗಿ ಸಿಕ್ಕಿಬೀಳುವುದು.

ಮೂರನೆಯದು ಸಣ್ಣ ತಳಿಗಳದೇ ಕಾಯಿಲೆ. ಹೆಬ್ಬಾತು ಕೂಗಿದಂತೆ ಹಾಂಕ್ ಹಾಂಕ್ ಎನ್ನುವ ಕೆಮ್ಮು. ಯಾರೋ ಬಂದರೆಂದು ಬೊಗಳಿದಾಗ, ಖುಷಿಯಾದಾಗ, ಸರಪಳಿ ಎಳೆದಾಗ, ನೀರು ಕುಡಿದಾಗ ಬರುತ್ತದೆ. ಶ್ವಾಸನಾಳವನ್ನು ತೆರೆದು ಹಿಡಿಯುವ ಮೃದ್ವಸ್ಥಿಯ ಬಳೆಗಳು ಸಡಿಲವಾಗಿ, ಉಸಿರೆಳೆದಾಗ ನಾಳ ಚಪ್ಪಟೆಯಾಗುತ್ತದೆ. ಕೊರಳಪಟ್ಟಿ ಇವತ್ತೇ ಬಿಚ್ಚಿ, ಎದೆಗೆ ಹಾಕುವ ಹಾರ್ನೆಸ್ ತನ್ನಿ. ಖರ್ಚು ಅಷ್ಟೇ. ಮೈ ಇಳಿಸಿ. ಪಾಮರೇನಿಯನ್‌ಗೆ ಒಂದು ಕಿಲೋ ಹೆಚ್ಚಾದರೂ ನಮಗೆ ಹತ್ತು ಹನ್ನೆರಡು ಕಿಲೋ ಏರಿದಂತೆ. ಮೂರು ವಾರ ಹೀಗೆ ಮಾಡಿಯೂ ಕೆಮ್ಮು ಕಡಿಮೆಯಾಗದಿದ್ದರೆ ಎಕ್ಸ್‌ರೇ ಬೇಕು. ಕೆಮ್ಮುತ್ತಾ ಪ್ರಜ್ಞೆ ತಪ್ಪಿದರೆ ಅದೇ ದಿನ ಬೇಕು.

ಮನೆಯೊಳಗೆ ಕೆಮ್ಮು, ಹೊರಗೆ ಹೋದರೆ ಕಡಿಮೆ

ಹಾಗಿದ್ದರೆ ನಾಯಿಯನ್ನಲ್ಲ, ಮನೆಯನ್ನು ಪರೀಕ್ಷೆ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳ ಕಿಟಕಿ ತೆರೆಯುವುದೇ ಅಪರೂಪ. ಹಂಡೆ ಒಲೆಯ ಹೊಗೆ, ಸೊಳ್ಳೆ ಬತ್ತಿ, ಗೋಡೆಯ ಬೂಷ್ಟು, ಒದ್ದೆ ಗೋಣಿಯ ಮುಗ್ಗಲು, ಎಲ್ಲವೂ ನೆಲದಿಂದ ಒಂದಡಿ ಎತ್ತರದಲ್ಲಿ ಉಸಿರಾಡುವ ನಾಯಿಯ ಪಾಲಿಗೆ ಬರುತ್ತವೆ. ಹಾಸಿಗೆಯನ್ನು ಸಿಮೆಂಟ್ ನೆಲದಿಂದ ಎತ್ತಿ ಮಣೆಯ ಮೇಲೆ ಹಾಕಿ, ಗೋಣಿ ತೆಗೆದು ಒಣ ಕಂಬಳಿ ಹಾಸಿ. ನೆನೆದು ಬಂದ ನಾಯಿಯ ಹೊಟ್ಟೆ, ಎದೆಯ ಕೂದಲನ್ನು ಬುಡದವರೆಗೆ ಒರೆಸಿ. ಡಿಸೆಂಬರ್‌ನಿಂದ ಕಣದಲ್ಲಿ ಕಾಫಿ ಒಣಗುವಾಗ, ಚೀಲ ತುಂಬುವಾಗ ಏಳುವ ದೂಳೂ ಇದೇ ಕೆಲಸ ಮಾಡುತ್ತದೆ.

ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ನಾಯಿಯನ್ನೂ ಮಕ್ಕಳನ್ನೂ ಬೆಚ್ಚಗೆ ಮಲಗಿಸುವ ಪದ್ಧತಿ ಇನ್ನೂ ಇದೆ. ದಯವಿಟ್ಟು ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ನಾಯಿ ತೂರಾಡುತ್ತದೆ, ತೇಕುತ್ತದೆ, ಒಸಡು ನೋಡಿದರೆ ಕೆಂಪು ಕೆಂಪಾಗಿ ಚೆನ್ನಾಗಿಯೇ ಕಾಣುತ್ತದೆ. ಬಣ್ಣ ಸರಿಯಿದ್ದೂ ಅಪಾಯವಿರುವ ಸಂದರ್ಭ ಇದು. ಮೊದಲು ಬಾಗಿಲು ತೆರೆದು ಮನುಷ್ಯರನ್ನೂ ನಾಯಿಯನ್ನೂ ಹೊರಗೆ ತನ್ನಿ, ಆಮೇಲೆ ಆಸ್ಪತ್ರೆ.

ಹಸಿ ಕೆಮ್ಮು, ಎದೆಯಲ್ಲಿ ಗೊರಗೊರ, ಊಟ ಬೇಡ

ಚಿಕ್ಕಿಗೆ ಆಗಿದ್ದು ಇದೇ. ಕೆಮ್ಮಿದ ಮೇಲೆ ಏನನ್ನೋ ನುಂಗಿದಂತೆ ಮಾಡುವುದು, ಮಂಕು, ಜ್ವರ, ನಿದ್ದೆಯಲ್ಲೂ ಉಸಿರು 40ರ ಮೇಲೆ. ಇದಕ್ಕೆ ಮನೆಮದ್ದಿಲ್ಲ. ಶ್ವಾಸಕೋಶದಲ್ಲಿ ನೀರೋ ಕೀವೋ ರಕ್ತವೋ ಎಂದು ಹೇಳಲು ಸ್ಟೆತಸ್ಕೋಪು, ಎಕ್ಸ್‌ರೇ ಬೇಕು. ಮೂರಕ್ಕೂ ಔಷಧಿ ಬೇರೆ. ಮಳೆಗಾಲದಲ್ಲಿ ನನ್ನದೊಂದು ನಿಯಮ ಇದೆ: ಮಧ್ಯಾಹ್ನ ಎರಡು ಗಂಟೆಗೆ ಇನ್ನೊಮ್ಮೆ ಎಣಿಸಿ, ಬೆಳಿಗ್ಗೆಗಿಂತ ಹೆಚ್ಚಾಗಿದ್ದರೆ ಬೆಳಕಿರುವಾಗಲೇ ಹೊರಡುವುದು. ರಾತ್ರಿ ನೋಡೋಣ ಎನ್ನುವುದಕ್ಕೆ ನಮ್ಮ ರಸ್ತೆಗಳು ಒಪ್ಪುವುದಿಲ್ಲ.

ಆ ಕಾಯಿಲೆ ಬಂದದ್ದು ಹೇಗೆ ಎಂಬುದನ್ನೂ ಹೇಳಬೇಕು. ಎರಡು ದಿನ ಮುಂಚೆ ಅವಳಿಗೆ ಬರೀ ಒಣ ಕೆಮ್ಮಿತ್ತು. ಪ್ರೀತಿಯಿಂದಲೇ ನಾನು ಶುಂಠಿ, ಕರಿಮೆಣಸಿನ ಕಷಾಯ ಮಾಡಿ, ಬಾಯಿ ಮೇಲೆತ್ತಿ ಹಿಡಿದು ಸಿರಿಂಜಿನಲ್ಲಿ ಬಿಟ್ಟೆ. ಅವಳು ಒದ್ದಾಡಿದಳು, ಕೆಮ್ಮಿದಳು, ಅರ್ಧ ಮೂಗಿನಿಂದ ಬಂತು. ಗಂಟಲಿಗೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಇಳಿದು ಅಲ್ಲಿ ಕೊಳೆತರೆ ಅದೂ ನ್ಯುಮೋನಿಯಾವೇ. ಇವತ್ತಿಗೂ ಆ ಸಿರಿಂಜು ನೆನೆದರೆ ಕೈ ನಡುಗುತ್ತದೆ. ಕತ್ತು ಎತ್ತಿ ಹಿಡಿದು ಏನನ್ನೂ ಸುರಿಯಬೇಡಿ. ಎಣ್ಣೆ, ತುಪ್ಪವನ್ನಂತೂ ಬೇಡವೇ ಬೇಡ. ವೈದ್ಯರು ಕೊಟ್ಟ ದ್ರವ ಔಷಧಿಯನ್ನೂ ತಲೆ ಸಮವಾಗಿರುವಂತೆ ಹಿಡಿದು, ಕೆನ್ನೆಯ ಪಕ್ಕದಿಂದ ಒಂದೊಂದೇ ಹನಿ, ನುಂಗಿದ ಮೇಲೆ ಮುಂದಿನದು.

ಅತ್ತೆ ಅವತ್ತು ಹೇಳಿದ್ದು, "ಬೆಲ್ಲದ ಕಾಫೀಲಿ ಒಂದು ಮುಚ್ಚಳ ಬ್ರಾಂಡಿ ಹಾಕಿ ಕೊಡಮ್ಮಾ, ಕಫ ಕರಗುತ್ತೆ." ಚಳಿಗೆ ನಮ್ಮ ಕಡೆ ಎಲ್ಲರೂ ಹೇಳುವ ಮಾತೇ. ನಾಯಿಗೆ ಎರಡೂ ವಿಷ. ಕಾಫಿಯ ಕೆಫೀನ್ ಅದರ ಹೃದಯವನ್ನು ಓಡಿಸುತ್ತದೆ, ಮದ್ಯ ಉಸಿರನ್ನೇ ಕುಗ್ಗಿಸುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಮನುಷ್ಯರ ಶೀತದ ಮಾತ್ರೆ ಕೊಡಬೇಡಿ. ಸಕ್ಕರೆ ರಹಿತ ಕೆಮ್ಮಿನ ಸಿರಪ್ಪಿನಲ್ಲಿ ಜೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ಸಣ್ಣ ನಾಯಿಯ ಜೀವಕ್ಕೇ ಅಪಾಯ. ಹಸಿ ಕೆಮ್ಮನ್ನು ಅದುಮುವ ಸಿರಪ್ ಇನ್ನೂ ಕೆಟ್ಟದ್ದು, ಹೊರಬರಬೇಕಾದ ಕಫ ಒಳಗೇ ಉಳಿಯುತ್ತದೆ. ವಿಕ್ಸ್, ಕರ್ಪೂರ, ನೀಲಗಿರಿ ಎಣ್ಣೆ ಎದೆಗೆ ಹಚ್ಚಿದರೆ ನಾಯಿ ನೆಕ್ಕಿ ನುಂಗುತ್ತದೆ. ಜೇನು ಕೊಡಬಹುದೇ ಎಂದು ಎಲ್ಲರೂ ಕೇಳುತ್ತಾರೆ. ವರ್ಷ ತುಂಬಿದ, ಸಕ್ಕರೆ ಕಾಯಿಲೆ ಇಲ್ಲದ ನಾಯಿ ಕಾಲು ಚಮಚ ನೆಕ್ಕಿದರೆ ಗಂಟಲಿಗೆ ಹಿತ, ಎದೆಗೆ ಅದರಿಂದ ಏನೂ ಆಗದು.

ವೈದ್ಯರು ನೋಡಿ ಔಷಧಿ ಶುರುಮಾಡಿದ ಮೇಲೆ ಮನೆಯಲ್ಲಿ ಮಾಡುವ ಕೆಲಸ ಬಹಳ ಇದೆ. ಅವರು ಹೇಳಿದರೆ ದ್ರವವನ್ನು ಮಂಜಾಗಿ ಬಿಡುವ ನೆಬ್ಯುಲೈಸರಿಗೆ 0.9 ಶೇಕಡ ನಾರ್ಮಲ್ ಸಲೈನ್ 3 ಮಿ.ಲೀ. ಹಾಕಿ, ಮಾಸ್ಕನ್ನು ಮೂಗಿನ ಹತ್ತಿರ ಹತ್ತು ನಿಮಿಷ ಹಿಡಿಯಿರಿ. ಮಾಸ್ಕಿಗೆ ಹೆದರಿದರೆ ಬುಟ್ಟಿಯೊಳಗೆ ಕೂರಿಸಿ, ಮೇಲೆ ಟವೆಲ್ ಹೊದಿಸಿ, ಒಳಗೆ ಮಂಜು ಬಿಡಿ. ಮನುಷ್ಯರ ಆಸ್ತಮಾ ಔಷಧಿ ಬೆರೆಸಬೇಡಿ. ಅದಾದ ಕೂಡಲೇ ನಾಯಿ ನಿಂತಿರುವಾಗ ಅಥವಾ ಕೂತಿರುವಾಗ, ಅಂಗೈಯನ್ನು ಬೊಗಸೆಯಂತೆ ಬಗ್ಗಿಸಿ ಎದೆಯ ಎರಡೂ ಪಕ್ಕ ಹಿಂದಿನಿಂದ ಮುಂದಕ್ಕೆ ಐದು ನಿಮಿಷ ತಟ್ಟಿ. ಚಪಾತಿ ತಟ್ಟಿದ ಸದ್ದಲ್ಲ, ಟೊಳ್ಳು ಡಬ್ಬ ತಟ್ಟಿದಂಥ ಸದ್ದು ಬರಬೇಕು. ನೋವಾಗಬಾರದು. ಚಿಕ್ಕಿ ಮೂರನೇ ದಿನ ತಟ್ಟಿಸಿಕೊಳ್ಳುತ್ತಲೇ ಕಣ್ಣು ಮುಚ್ಚುತ್ತಿದ್ದಳು, ಆಮೇಲೆ ದೊಡ್ಡದಾಗಿ ಕೆಮ್ಮಿ ನಿರಾಳವಾಗುತ್ತಿದ್ದಳು. ಹೃದಯದ ಕಾಯಿಲೆ, ಶ್ವಾಸನಾಳ ಕುಸಿತ, ಎದೆಗೆ ಪೆಟ್ಟು, ರಕ್ತಸ್ರಾವ ಇರುವ ನಾಯಿಗೆ ತಟ್ಟಬಾರದು.

ಕರೆಂಟಿಲ್ಲದ ದಿನ ಬಚ್ಚಲುಮನೆಯಲ್ಲಿ ಬಕೆಟಿಗೆ ಬಿಸಿನೀರು ಸುರಿದು, ಅದು ನಾಯಿಗೆ ಎಟುಕದಂತೆ ಇಟ್ಟು, ಹತ್ತು ನಿಮಿಷ ಜೊತೆಯಲ್ಲಿ ಕೂರಬಹುದು. ಒಲೆ ಬಚ್ಚಲೊಳಗೇ ಉರಿಯುತ್ತಿದ್ದರೆ ಬೇಡ, ಆವಿಗಿಂತ ಹೊಗೆಯೇ ಹೆಚ್ಚು ಸಿಗುತ್ತದೆ. ಪಗ್, ಶಿತ್ಸುವಿನಂಥ ಚಪ್ಪಟೆ ಮೂಗಿನವಕ್ಕೆ ಸೆಕೆ ತಡೆಯದು, ಅವಕ್ಕೆ ಆವಿ ಬೇಡ. ನೀರು ಕುಡಿಯದಿದ್ದರೆ ಕಫ ಗಟ್ಟಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕದ ಕೋಳಿ ಸಾರನ್ನು ಉಗುರು ಬೆಚ್ಚಗೆ ಮಾಡಿ ಬಟ್ಟಲಲ್ಲಿ ಇಡಿ. ಮೂಗು ಕಟ್ಟಿದ ನಾಯಿ ವಾಸನೆ ಸಿಕ್ಕರೆ ಮಾತ್ರ ತಿನ್ನುತ್ತದೆ. ಆಂಟಿಬಯೋಟಿಕ್ಕನ್ನು ಕೆಮ್ಮು ನಿಂತಿತೆಂದು ಅರ್ಧಕ್ಕೆ ಬಿಡಬೇಡಿ.

ಕೆಮ್ಮೇ ಇಲ್ಲ, ಆದರೂ ತೇಕುತ್ತದೆ

ಎದೆಗೆ ಕಿವಿ ಇಟ್ಟರೆ ಏನೂ ಕೇಳುವುದಿಲ್ಲ, ಉಸಿರು ಮಾತ್ರ ಓಡುತ್ತಿದೆ. ಆಗ ಒಸಡು ನೋಡಿ. ಬಿಳಿಚಿದ್ದರೆ ತೊಂದರೆ ಶ್ವಾಸಕೋಶದಲ್ಲಲ್ಲ, ರಕ್ತದಲ್ಲಿ ಇರಬಹುದು. ತೋಟದಲ್ಲಿ ತಿರುಗುವ ನಾಯಿಗೆ ಉಣ್ಣೆ ಹತ್ತುತ್ತದೆ, ಉಣ್ಣೆಯಿಂದ ಬೆಬೀಸಿಯಾ, ಎರ್ಲಿಕಿಯಾ ಎಂಬ ರಕ್ತದ ಸೋಂಕುಗಳು. ಬೆಬೀಸಿಯಾ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಆಮ್ಲಜನಕ ಹೊರುವ ಕಣ ಕಡಿಮೆಯಾದಾಗ ನಾಯಿ ಹೆಚ್ಚು ಸಲ ಉಸಿರಾಡಿ ಸರಿದೂಗಿಸುತ್ತದೆ. ಜೊತೆಗೆ ಜ್ವರ, ಕಡು ಬಣ್ಣದ ಮೂತ್ರ, ಎದ್ದು ನಿಲ್ಲಲು ಸುಸ್ತು. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣೆ ಹುಡುಕಿ. ಸಿಗದಿದ್ದರೂ ರಕ್ತ ಪರೀಕ್ಷೆ ಮಾಡಿಸಿ, ಕಚ್ಚಿ ಉದುರಿ ಹೋಗಿರಬಹುದು. ಎದೆಯ ಕಾಯಿಲೆ ಎಂದು ವಾರಗಟ್ಟಲೆ ಕೆಮ್ಮಿನ ಔಷಧಿ ಕುಡಿಸಿ ಕೊನೆಗೆ ಉಣ್ಣೆ ಜ್ವರ ಎಂದು ತಿಳಿದ ನಾಯಿಗಳನ್ನು ನಾನು ನೋಡಿದ್ದೇನೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಗೋದಾಮಿನಲ್ಲಿ ಇಲಿ ಪಾಷಾಣದ ಬಿಲ್ಲೆ ಇಟ್ಟಿದ್ದೀರಾ? ಬ್ರೊಮಾಡಿಯೋಲೋನ್ ಎಂಬ ಪಾಷಾಣ ತಿಂದ ನಾಯಿ ಅವತ್ತು ಚೆನ್ನಾಗಿಯೇ ಇರುತ್ತದೆ. ಮೂರರಿಂದ ಐದು ದಿನಕ್ಕೆ ರಕ್ತ ಹೆಪ್ಪುಗಟ್ಟುವುದು ನಿಂತು, ಎದೆಯೊಳಗೇ ರಕ್ತ ಸೋರಿ ಉಸಿರು ಕಟ್ಟುತ್ತದೆ. ತಿಂದದ್ದು ಕಣ್ಣಿಗೆ ಬಿದ್ದರೆ ಲಕ್ಷಣಕ್ಕೆ ಕಾಯದೆ ಎರಡು ಗಂಟೆಯೊಳಗೆ ವೈದ್ಯರಲ್ಲಿಗೆ ಹೋಗಿ, ಪೊಟ್ಟಣ ಜೊತೆಗಿರಲಿ. ಇದಕ್ಕೆ ವಿಟಮಿನ್ ಕೆ1 ಎಂಬ ಪ್ರತಿವಿಷ ಇದೆ, ವಾರಗಟ್ಟಲೆ ಕೊಡಬೇಕಾಗುತ್ತದೆ.

ಜೊಲ್ಲು, ನಡುಕ, ಎದೆ ತುಂಬ ನೀರು

ತೋಟದಲ್ಲಿ ಔಷಧಿ ಹೊಡೆದ ದಿನವೋ ಮರುದಿನವೋ ಹೀಗಾದರೆ ಕೀಟನಾಶಕವೆಂದೇ ತಿಳಿಯಿರಿ. ಕ್ಲೋರ್‌ಪೈರಿಫಾಸ್‌ನಂಥ ಔಷಧಿ ಮೈಗೆ ಹತ್ತಿದರೆ, ಪಾದ ನೆಕ್ಕಿ ಹೊಟ್ಟೆಗೆ ಹೋದರೆ, ಬಾಯಿ, ಕಣ್ಣು, ಶ್ವಾಸಕೋಶ ಎಲ್ಲೆಡೆ ದ್ರವ ಉಕ್ಕುತ್ತದೆ. ಕಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣದಾಗುತ್ತದೆ, ಸ್ನಾಯುಗಳು ಪಟಪಟ ಅದುರುತ್ತವೆ. ಇದು ಕಫವಲ್ಲ, ನೆಬ್ಯುಲೈಸರಿನಿಂದ ಹೋಗುವುದಿಲ್ಲ. ಅಟ್ರೋಪಿನ್ ಇಂಜೆಕ್ಷನ್ ಬೇಕು, ಅದೂ ಬೇಗ. ಮೈಮೇಲೆ ಚೆಲ್ಲಿದ್ದರೆ, ನಾಯಿಗೆ ಎಚ್ಚರವಿದ್ದರೆ, ರಬ್ಬರ್ ಕೈಗವಸು ಹಾಕಿಕೊಂಡು ಪಾತ್ರೆ ತೊಳೆಯುವ ಸಾಬೂನಿನಿಂದ ಬೇಗ ತೊಳೆದು ಹೊರಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬದ ಮೇಲಿನ ಚೀಟಿಯ ಫೋಟೊ ತೆಗೆದುಕೊಳ್ಳಿ.

ಔಷಧಿ ಹೊಡೆಯದ ದಿನ, ಚೆನ್ನಾಗಿದ್ದ ನಾಯಿ ತೋಟದಿಂದ ಬಂದು ಕಾಲು ಸೋತು, ರೆಪ್ಪೆ ಇಳಿಬಿಟ್ಟು, ಉಸಿರು ಮೇಲುಮೇಲಕ್ಕೆ ಆದರೆ ಹಾವು ಕಚ್ಚಿರಬಹುದು. ಕಟ್ಟು ಕಟ್ಟುವುದು, ಕೊಯ್ಯುವುದು ಬೇಡ. ನಡೆಸದೆ ಎತ್ತಿಕೊಂಡು ಹೋಗಿ.

ಎಂಟು ಹತ್ತು ವರ್ಷದ ನಾಯಿ, ರಾತ್ರಿ ಕೆಮ್ಮು

ಸಣ್ಣ ತಳಿಯ ಮುದಿ ನಾಯಿಗಳಲ್ಲಿ ಹೃದಯದ ಎಡಬದಿಯ ಕವಾಟ ಸವೆದು ರಕ್ತ ಹಿಂದಕ್ಕೆ ಸೋರುವುದು ಬಹಳ ಸಾಮಾನ್ಯ. ಮೊದಲು ಮೆಟ್ಟಿಲು ಹತ್ತಲು ಒಲ್ಲೆ ಎನ್ನುತ್ತದೆ, ಆಮೇಲೆ ರಾತ್ರಿ ಕೆಮ್ಮು, ಆಮೇಲೆ ಶ್ವಾಸಕೋಶದಲ್ಲಿ ನೀರು. ವಯಸ್ಸಾಯಿತು ಬಿಡಿ ಎಂದು ಸುಮ್ಮನಾಗುವುದು ಇಲ್ಲಿಯೇ. ಅದಕ್ಕೆ ಔಷಧಿಗಳಿವೆ, ಸರಿಯಾಗಿ ಕೊಟ್ಟರೆ ತಿಂಗಳುಗಳಲ್ಲ, ಕೆಲವೊಮ್ಮೆ ವರ್ಷಗಳೇ ಸಿಗುತ್ತವೆ. ಈ ನಾಯಿಗಳಿಗೆ ನಿದ್ದೆಯ ಎಣಿಕೆ ದಿನಾ ಬೇಕು, ಏಕೆಂದರೆ ನೀರು ತುಂಬುವುದು ಕೆಮ್ಮಿಗಿಂತ ಮೊದಲು ಆ ಸಂಖ್ಯೆಯಲ್ಲಿ ಕಾಣುತ್ತದೆ. ಒಣ ಮೀನು, ಉಪ್ಪಿನಕಾಯಿ ಸಾರಿನ ಅನ್ನ, ಹಪ್ಪಳ ನಿಲ್ಲಿಸಿ.

ಹೊರಡುವ ಮುಂಚೆ

ಮೊದಲು ಫೋನ್. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವೈದ್ಯರು ಇದ್ದಾರೆಯೇ, ಆಕ್ಸಿಜನ್, ಎಕ್ಸ್‌ರೇ ಹತ್ತಿರ ಎಲ್ಲಿದೆ ಎಂದು ಕೇಳಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಮುಖ್ಯವಾಗಿ ದನಕರುಗಳಿಗಾದರೂ ಕರೆ ಮಾಡಿ ಕೇಳುವುದರಲ್ಲಿ ತಪ್ಪಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಮೂರು ಗಂಟೆ ಹಿಡಿಯುತ್ತದೆ. ಒದ್ದಾಡುತ್ತಿರುವ ನಾಯಿಯನ್ನು ನೇರ ಅಷ್ಟು ದೂರ ಒಯ್ಯುವ ಬದಲು ಹತ್ತಿರದ ವೈದ್ಯರಲ್ಲಿ ಮೊದಲ ಇಂಜೆಕ್ಷನ್ ಹಾಕಿಸಿ, ಉಸಿರು ಸ್ವಲ್ಪ ಹತೋಟಿಗೆ ಬಂದ ಮೇಲೆ ಮುಂದೆ ಹೋಗುವುದು ವಾಸಿ.

ಕೈಯಲ್ಲಿ ಲಸಿಕೆ ಪುಸ್ತಕ, ಕೆಮ್ಮಿನ ವಿಡಿಯೊ, ಉಸಿರಿನ ಲೆಕ್ಕ ಬರೆದ ಚೀಟಿ, ಈವರೆಗೆ ಕೊಟ್ಟ ಎಲ್ಲದರ ಹೆಸರು ಇರಲಿ. ಕಷಾಯ ಕುಡಿಸಿದ್ದರೆ, ಬ್ರಾಂಡಿ ಕೊಟ್ಟಿದ್ದರೆ ಮುಚ್ಚಿಡಬೇಡಿ. ನಾನು ಸಿರಿಂಜಿನ ವಿಷಯವನ್ನು ಹೇಳಲೋ ಬೇಡವೋ ಎಂದು ಹಿಂದೇಟು ಹಾಕಿ ಕೊನೆಗೆ ಹೇಳಿದೆ. ವೈದ್ಯರು ಬೈಯಲಿಲ್ಲ, ತಕ್ಷಣ ಚಿಕ್ಕಿಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ಬಲ ಎದೆಯ ಕೆಳಭಾಗಕ್ಕೆ ಸ್ಟೆತಸ್ಕೋಪು ಇಟ್ಟರು. ಗೊರಗೊರ ಇದ್ದದ್ದು ಅಲ್ಲಿಯೇ.